ಎರಡು ಸೆಂಟಿಮೀಟರ್

ನಮ್ಮ ರಾಷ್ಟ್ರೀಯ ಈಜು ಒಕ್ಕೂಟದ ಕಾರ್ಯದರ್ಶಿಯನ್ನು ಕಂಡರೆ ನನಗಾಗದು. ಹನ್ನೊಂದು ವರ್ಷದಿಂದ ಅವನ ಕೈಕೆಳಗೆ ತಾಂತ್ರಿಕ ವಿಭಾಗದಲ್ಲಿದ್ದೇನೆ. ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ, "ಏಯ್, ಟೇಪು" ಎನ್ನುತ್ತಾನೆ. ಈಜುಕೊಳ ಅಳೆಯುವುದು ನನ್ನ ಕೆಲಸ.

ಹೊಸ ಕೊಳ ಕಟ್ಟಿಸಿದವನು ಅವನ ಭಾವಮೈದುನ. ಅಲ್ಲಿ ನಡೆದ ಮೊದಲ ಕೂಟದಲ್ಲೇ ನನ್ನ ತಂಗಿ ರಾಷ್ಟ್ರೀಯ ದಾಖಲೆ ಮುರಿದಳು. ಅದು ಊರ್ಜಿತವಾದರೆ ದೇಶದ ತಂಡದಲ್ಲಿ ಅವಳಿಗೆ ಜಾಗ ಖಾಯಂ. ಊರ್ಜಿತವಾಗಬೇಕಾದರೆ ಕೊಳವನ್ನು ಮತ್ತೆ ಅಳೆಯಬೇಕು, ತಂಡದ ಪಟ್ಟಿಯೋ ಮರುದಿನವೇ ಅಂತಿಮ.

ಅಳೆದೆ. ಗೋಡೆಯಿಂದ ಗೋಡೆಗೆ ಸರಿಯಾಗಿ ಐವತ್ತು ಮೀಟರ್. ಆದರೆ ಎರಡೂ ತುದಿಗೆ ಟಚ್ ಪ್ಯಾಡ್ ಕೂರಿಸುತ್ತಾರೆ, ಈಜುಗಾರರ ಕೈ ತಗುಲಿದೊಡನೆ ಗಡಿಯಾರ ನಿಲ್ಲಿಸುವ ಹಲಗೆಗಳು. ಒಂದೊಂದೂ ಒಂದು ಸೆಂಟಿಮೀಟರ್ ದಪ್ಪ. ಅಷ್ಟು ಜಾಗ ಹೆಚ್ಚಿಗೆ ಬಿಡಬೇಕೆಂದು ಕೊಳ ಕಟ್ಟಿಸಿದ ಆ ಮಹಾನುಭಾವನ ತಲೆಗೆ ಹೊಳೆದೇ ಇಲ್ಲ. ಪ್ಯಾಡ್ ಸೇರಿಸಿ ಅಳೆದರೆ ಎರಡು ಸೆಂಟಿಮೀಟರ್ ಕಡಿಮೆ. ಐವತ್ತಕ್ಕೆ ಕೂದಲೆಳೆಯಷ್ಟು ಕಡಿಮೆಯಾದರೂ ದಾಖಲೆ ರದ್ದು.

ಕಾರ್ಯದರ್ಶಿ ಫಾರಮ್ಮನ್ನು ನನ್ನ ಮುಂದೆ ತಳ್ಳಿದ.

"ಐವತ್ತು ಅಂತ ಬರಿ."

"ಪ್ಯಾಡ್ ಹಾಕಿದ್ರೆ ಕಡಿಮೆ ಬರುತ್ತೆ, ಸಾರ್."

"ಹಾಕ್ದೇ ಅಳೆದೆ ಅನ್ಕೋ. ನಿನ್ ತಂಗಿಗೂ ಒಳ್ಳೇದು, ನಮ್ ಭಾವಮೈದನಿಗೂ ಒಳ್ಳೇದು."

ನಿಜ ಹೇಳುತ್ತೇನೆ, ಐವತ್ತು ಎಂದು ಬರೆಯಲು ಪೆನ್ನು ಊರಿಯೂ ಇದ್ದೆ.

"ಇನ್ಮೇಲೆ ನೀನೂ ನಮ್ಮೋಳೇ ಬಿಡು," ಎಂದು ಅವನು ಹಲ್ಲು ಕಿರಿದ.

ಮೈಯೆಲ್ಲ ಉರಿದುಹೋಯಿತು. ನಲವತ್ತೊಂಬತ್ತು ಮೀಟರ್ ತೊಂಬತ್ತೆಂಟು ಸೆಂಟಿಮೀಟರ್ ಎಂದು ದಪ್ಪಗೆ ಬರೆದು, ಸಹಿ ಹಾಕಿ, ಅವನೆದುರೇ ಫೋಟೋ ತೆಗೆದು ದಾಖಲೆ ಸಮಿತಿಯ ಎಲ್ಲರಿಗೂ ಕಳಿಸಿದೆ. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಆ ಕಚೇರಿಯಲ್ಲಿ ನಾನು ಅಷ್ಟು ಖುಷಿಪಟ್ಟದ್ದೇ ಇಲ್ಲ.

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ತಂಗಿ ಊಟದ ಮೇಜಿನ ಮುಂದೆ ಕೂತಿದ್ದಳು. ಅಮ್ಮ ನನ್ನ ಕಡೆ ತಿರುಗಲೇ ಇಲ್ಲ.

"ಕೊಳ ಗಿಡ್ಡ ಇದ್ರೆ ನಾನೇನ್ ಮಾಡ್ಲಿ? ಸುಳ್ಳು ಬರೀಬೇಕಿತ್ತಾ?" ಎಂದು ನಾನೇ ಮೊದಲು ದಬಾಯಿಸಿದೆ.

"ಬರಿ ಅಂತ ನಾನೆಲ್ಲಿ ಹೇಳ್ದೆ, ಅಕ್ಕ?" ಅವಳ ದನಿ ಏರಲಿಲ್ಲ. "ಒಂದೇ ಒಂದು ಕೇಳ್ತೀನಿ. ಸಹಿ ಹಾಕೋವಾಗ ನಾನು ನೆನಪಿಗೆ ಬಂದ್ನಾ?"

ಉತ್ತರಕ್ಕೆ ತಡಕಾಡಿದರೆ ನನ್ನ ಕಣ್ಣಮುಂದೆ ಬಂದದ್ದು ಕಾರ್ಯದರ್ಶಿಯ ಮುಖವೇ. ಹೂಂ ಎಂದು ಒಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತು.

ಅವಳು ತಟ್ಟೆ ಸರಿಸಿ ಎದ್ದು ಹೋದಳು.