ಮೈ ಮುಟ್ಟುವ ಮೊದಲು

ಸತ್ಯವ್ವ ಹುಬ್ಬಳ್ಳಿಯ ದವಾಖಾನೆಯೊಂದರ ಹೆಂಗಸರ ವಾರ್ಡಿನಲ್ಲಿ ಹದಿನಾರು ವರ್ಷದಿಂದ ಆಯಾ ಆಗಿದ್ದಳು. ಅಷ್ಟು ವರ್ಷದಲ್ಲಿ ಅವಳ ಆರೈಕೆಯಲ್ಲಿ ಮಲಗಿದ ಯಾವ ಮುದುಕಿಯ ಬೆನ್ನಿಗೂ ಹಾಸಿಗೆ ಹುಣ್ಣಾಗಿರಲಿಲ್ಲ. ಅದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಡಾಕ್ಟರರು ರೌಂಡಿಗೆ ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು, ಅವರು ಹೋದ ಮೇಲೆ ಮತ್ತೆ ಬಕೆಟ್ಟು ಹಿಡಿಯುತ್ತಿದ್ದಳು.

ಅವಳ ಈ ಕೈಗುಣವನ್ನು ಗಮನಿಸಿದ್ದು ಸುಲಭಾ ಸಿಸ್ಟರ್ ಒಬ್ಬರೇ. ವಾರ್ಡಿನಲ್ಲಿ ಸುಧಾರಿಸಿ ಮನೆಗೆ ಹೋದ ಮುದುಕಿಯರು ತಿಂಗಳೊಪ್ಪತ್ತಿನಲ್ಲಿ ಬೆನ್ನು ಕೊಳೆತು ಮರಳಿ ಬರುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ೧೯೬೩ರ ಮಳೆಗಾಲದಲ್ಲಿ ವಿದ್ಯಾನಗರದ ಮಹಿಳಾ ಮಂಡಳದವರನ್ನು ಕಾಡಿ ಬೇಡಿ ಒಂದು ಖೋಲಿ, ಎರಡು ಮಂಚ ಗಿಟ್ಟಿಸಿದರು. ಮನೆಯಲ್ಲಿ ಮಲಗಿದ ವಯಸ್ಸಾದವರ ಆರೈಕೆ ಮಾಡಲು ಹೆಂಗಸರಿಗೆ ಮೂರು ತಿಂಗಳ ತರಬೇತಿ ಎಂದು ಸುದ್ದಿ ಬಿಟ್ಟರು. ಏಳು ಜನ ಬಂದರು.

ಸಿಸ್ಟರ್ ಪುಸ್ತಕ ಹಿಡಿದು ಪಾಠ ಶುರು ಮಾಡಿದರು. ಮೂರನೆಯ ದಿನಕ್ಕೆ ಏಳರಲ್ಲಿ ಮೂವರು ತೂಕಡಿಸತೊಡಗಿದರು. ಸಿಸ್ಟರ್ ಪುಸ್ತಕ ಮುಚ್ಚಿ ನೇರ ವಾರ್ಡಿಗೆ ಬಂದರು.

"ಸತ್ಯವ್ವಾ, ನಾಳಿಯಿಂದ ನೀನ ಕಲಿಸು."

"ನನಗ ಅಕ್ಷರ ಬರಂಗಿಲ್ರಿ ಸಿಸ್ಟರ್."

"ಪೇಶಂಟನ್ನ ಮಗ್ಗಲಾ ತಿರುವಿ ಹಾಕಾಕ ಅಕ್ಷರ ಯಾಕ ಬೇಕು?"

ಆ ರಾತ್ರಿ ಸತ್ಯವ್ವನಿಗೆ ನಿದ್ದೆ ಹತ್ತಲಿಲ್ಲ. ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ಗಂಡ ಯಮನಪ್ಪ, "ಕೈಗೆ ಗೊತ್ತೈತಲ್ಲ, ಬಾಯಿಗೂ ಬರತೈತಿ, ಮಲ್ಕೋ" ಎಂದು ಮಗ್ಗುಲು ಬದಲಿಸಿದ.

ಮರುದಿನ ಸತ್ಯವ್ವ ಬಾಯಿಮಾತಿನ ಪಾಠ ಮಾಡಲಿಲ್ಲ. ಏಳು ಜನರಲ್ಲಿ ಒಬ್ಬಳಾದ ಉಡಚವ್ವನನ್ನು ಕರೆದು ಮಂಚದ ಮೇಲೆ ಮಲಗಿಸಿದಳು. ಉಡಚವ್ವ ಗರಗ ಊರಿನವಳು, ಖಾದಿ ನೂಲುತ್ತಿದ್ದವಳು, ಗಂಡ ಸತ್ತ ಮೇಲೆ ಹುಬ್ಬಳ್ಳಿಯ ಅಣ್ಣನ ಮನೆ ಸೇರಿದ್ದಳು. ಕೈಕಾಲು ಗಟ್ಟಿ, ಆದರೆ ಎಲ್ಲದರಲ್ಲೂ ಅವಸರ.

"ಕೈ ಎತ್ತಬ್ಯಾಡ, ಕಾಲು ಎತ್ತಬ್ಯಾಡ. ನಿನಗ ಲಕ್ವಾ ಹೊಡದೈತಿ ಅಂತ ತಿಳಕೋ," ಎಂದಳು ಸತ್ಯವ್ವ.

ಉಳಿದವರು ಕಿಸಕ್ಕೆಂದು ನಕ್ಕರು. ಉಡಚವ್ವನೂ ನಕ್ಕಳು. ಸತ್ಯವ್ವ ಹೇಳದೆ ಕೇಳದೆ ಅವಳ ಸೆರಗು ಎಳೆದು ತಣ್ಣನೆಯ ಅರಿವೆಯಿಂದ ಕುತ್ತಿಗೆ ಒರೆಸಿದಳು. ಒಂದು ತುತ್ತು ಇಳಿಯುವುದರೊಳಗೆ ಮತ್ತೊಂದು ಚಮಚ ಗಂಜಿ ಬಾಯಿಗಿಟ್ಟಳು. ಸೊಂಟದ ಕೆಳಗೆ ಒದ್ದೆ ಬಟ್ಟೆ ತುರುಕಿ, ಅವಳ ಕಡೆ ಬೆನ್ನು ಹಾಕಿ ಉಳಿದವರೊಡನೆ ಮಾತಿಗೆ ಕುಳಿತಳು. ಅರ್ಧ ತಾಸು ಕಳೆಯಿತು. ತಿರುಗಿ ನೋಡಿದರೆ ಉಡಚವ್ವನ ಕಣ್ಣಿಂದ ನೀರು ಕಿವಿಯೊಳಗೆ ಹರಿಯುತ್ತಿತ್ತು.

"ಏನನಸ್ತು?"

"ನಾ ಮನಶ್ಯಾಳಲ್ಲ, ಮೂಲ್ಯಾಗಿಟ್ಟ ಗಂಟು ಅನಸ್ತರಿ."

ಸತ್ಯವ್ವ ಅವಳ ಹಣೆ ಸವರಿದಳು. ತನ್ನ ಅಂಗೈಗಳನ್ನು ತಿಕ್ಕಿ ಬೆಚ್ಚಗೆ ಮಾಡಿಕೊಂಡಳು. "ಈಗ ನಿನ್ನ ಬಲಮಗ್ಗಲಕ್ಕ ತಿರಗಸ್ತೇನಿ. ತಿರಗಸ್ಲೇನು?" ಎಂದು ಕೇಳಿ, ಅವಳು ಹೂಂ ಎಂದ ಮೇಲೆ ತಿರುಗಿಸಿದಳು. ಆಮೇಲೆ ಉಳಿದವರ ಕಡೆ ತಿರುಗಿದಳು. "ಇವತ್ತಿನ ಪಾಠ ಇಷ್ಟ. ನಾಳಿ ಚಾಂದಬಿ ಮಲಗಬೇಕು, ನಾಡದು ಇನ್ನೊಬ್ಬಾಕಿ. ಎಲ್ಲಾರ ಪಾಳಿನೂ ಬರತೈತಿ," ಎಂದಳು.

ಮೂರು ತಿಂಗಳು ಮುಗಿಯುವ ಹೊತ್ತಿಗೆ ಧಾರವಾಡದಿಂದ ವಕೀಲ ತ್ರ್ಯಂಬಕರಾಯರ ಪತ್ರ ಬಂತು. ಅವರ ತಾಯಿ ಲಕ್ಷ್ಮೀಬಾಯಿ ಹೆಣ್ಣುಮಕ್ಕಳ ಸಾಲೆಯ ಮುಖ್ಯಾಧ್ಯಾಪಕಿಯಾಗಿದ್ದವರು. ಎಂಟು ತಿಂಗಳ ಹಿಂದೆ ಬಲಭಾಗಕ್ಕೆ ಲಕ್ವಾ ಹೊಡೆದಿತ್ತು. ಕೆಲಸಕ್ಕೆ ಬಂದ ಮೂವರೂ ನಾಲ್ಕು ದಿನ ನಿಲ್ಲದೆ ಓಡಿ ಹೋಗಿದ್ದರು. ಸಿಸ್ಟರ್ ಉಡಚವ್ವನನ್ನು ಆರಿಸಿ, ಮೊದಲ ದಿನ ಜೊತೆಗೆ ಸತ್ಯವ್ವನನ್ನೂ ಕಳಿಸಿದರು.

ಬಾಗಿಲಲ್ಲಿ ತ್ರ್ಯಂಬಕರಾಯರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ನೀವು ಯಾರ ಪೈಕಿ?"

ಜಾತಿ ಕೇಳುವ ಆ ಪ್ರಶ್ನೆ ಸತ್ಯವ್ವನಿಗೆ ಹೊಸದಲ್ಲ. "ದವಾಖಾನಿ ಪೈಕಿರಿ," ಎಂದಳು. ರಾಯರು ಬಾಗಿಲಿಂದ ಸರಿದು ದಾರಿ ಬಿಟ್ಟರು.

ಲಕ್ಷ್ಮೀಬಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಉಡಚವ್ವ ಸುತ್ತು ಹಾಕಿ, ಅವರ ಕಣ್ಣಿಗೆ ಕಾಣುವ ಹಾಗೆ ನೆಲದ ಮೇಲೆ ಕುಳಿತಳು. "ಅವ್ವಾರ, ನಾ ಉಡಚವ್ವರಿ. ಮೈ ಒರಸ್ಬೇಕಂತ ಬಂದೇನಿ. ಮುಟ್ಟಲೇನ್ರಿ?"

ಮುದುಕಿ ಅವಳನ್ನೇ ನೋಡಿದರು. ಆಮೇಲೆ ಹೂಂ ಎನ್ನುವ ಹಾಗೆ ರೆಪ್ಪೆ ಇಳಿಸಿದರು.

ಚಾದರ ಹೊದಿಸಿಟ್ಟು, ಒಂದು ಸಲಕ್ಕೆ ಒಂದೇ ಕೈ, ಒಂದೇ ಕಾಲು ಹೊರತೆಗೆದು ಉಡಚವ್ವ ಬಿಸಿನೀರಿನಿಂದ ಒರೆಸಿದಳು. ಟೊಂಕದ ಹತ್ತಿರ ಕೆಂಪಾಗಿತ್ತು, ಇನ್ನೂ ಒಡೆದಿರಲಿಲ್ಲ. ಅಲ್ಲಿ ಭಾರ ಬೀಳದ ಹಾಗೆ ಬೆನ್ನಿಗೆ ದಿಂಬು ಕೊಟ್ಟಳು. ಸತ್ಯವ್ವ ಬಾಗಿಲ ಹತ್ತಿರ ನಿಂತು ಒಂದೊಂದನ್ನೂ ನೋಡುತ್ತಿದ್ದಳು. ಎಲ್ಲ ಸರಿಯಿತ್ತು.

ಊಟದ ಹೊತ್ತಿಗೆ ಕೆಟ್ಟಿತು. ಉಡಚವ್ವ ಅವರನ್ನು ಒರಗಿಸಿ ಕೂಡಿಸಿ, ಮೆತ್ತಗೆ ಕಲಸಿದ ಅನ್ನದ ಚಮಚವನ್ನು ಬಾಯಿಯ ಹತ್ತಿರ ಒಯ್ಯುತ್ತಿದ್ದಂತೆ ಲಕ್ಷ್ಮೀಬಾಯಿ ಎಡಗೈ ಬೀಸಿದರು. ಚಮಚ ಗೋಡೆಗೆ ಬಡಿದು ಬಿತ್ತು.

"ನೋಡ್ರಿ, ದಿನಾ ಹಿಂಗ," ಎಂದರು ತ್ರ್ಯಂಬಕರಾಯರು. "ಮೂರೂ ಮಂದಿ ಇದಕ್ಕ ಓಡಿ ಹೋದ್ರು."

ಸತ್ಯವ್ವನ ಕಾಲು ತಾನಾಗಿ ಮುಂದೆ ಹೋಯಿತು. ಕಷ್ಟಪಟ್ಟು ತಡೆದು ನಿಂತಳು. ಈಗ ತಾನು ನಡುವೆ ಬಂದರೆ ಈ ಹುಡುಗಿ ನಾಳೆ ಒಬ್ಬಳೇ ನಿಲ್ಲಲಾರಳು. ಕೈಗಳನ್ನು ಸೆರಗಿನಲ್ಲಿ ಗಟ್ಟಿಯಾಗಿ ಸುತ್ತಿಕೊಂಡಳು.

ಉಡಚವ್ವ ಚಮಚ ಆರಿಸಿ ತೊಳೆದು ತಂದಳು. ಒಂದು ಗಳಿಗೆ ಲಕ್ಷ್ಮೀಬಾಯಿಯ ಎಡಗೈಯನ್ನೇ ನೋಡಿದಳು. ಆಮೇಲೆ ಚಮಚವನ್ನು ಆ ಕೈಯಲ್ಲೇ ಇಟ್ಟು, ತಾಟನ್ನು ಮಗ್ಗುಲಿಗೆ ಸರಿಸಿ, ಎದೆಯ ಮೇಲೆ ಟವೆಲ್ ಹರವಿದಳು.

"ನೀವ ಉಣ್ರಿ ಅವ್ವಾರ. ಚೆಲ್ಲಿದ್ರ ಚೆಲ್ಲಲಿ, ನಾ ಅದೇನಿ."

ಮೊದಲ ತುತ್ತು ಗದ್ದಕ್ಕೆ ಹತ್ತಿತು. ಎರಡನೆಯದು ಟವೆಲ್ಲಿಗೆ ಬಿತ್ತು. ಮೂರನೆಯದು ಬಾಯಿ ಸೇರಿತು. ಎಂಟು ತಿಂಗಳಲ್ಲಿ ತನ್ನ ಕೈಯಾರೆ ಉಂಡ ಮೊದಲ ತುತ್ತನ್ನು ಲಕ್ಷ್ಮೀಬಾಯಿ ಕಣ್ಣು ಮುಚ್ಚಿ ಅಗಿದರು. ರಾಯರು ಏನೋ ನೆಪ ತೆಗೆದು ಪಡಸಾಲೆಗೆ ಹೋಗಿ ಮೂಗು ಒರೆಸಿಕೊಂಡರು.

ಸತ್ಯವ್ವ ನಿಂತಲ್ಲೇ ನಿಂತಿದ್ದಳು. ಚಮಚ ಕೈಗೆ ಕೊಡುವುದನ್ನು ಅವಳು ಕಲಿಸಿರಲಿಲ್ಲ. ಹದಿನಾರು ವರ್ಷ ಎಷ್ಟೋ ಮುದುಕಿಯರಿಗೆ ತಾನೇ ಉಣಿಸಿದ್ದಳು, ತಾಳ್ಮೆಯಿಂದ, ಪ್ರೀತಿಯಿಂದ. ಒಂದು ದಿನವೂ ಇದು ಹೊಳೆದಿರಲಿಲ್ಲ. ಅವಳಿಗೆ ನಾಚಿಕೆಯಾಗಲಿಲ್ಲ. ಎದೆ ಉಬ್ಬಿ ಬಂದು ರವಿಕೆ ಬಿಗಿಯಾದ ಹಾಗಾಯಿತು.

ತಾಟು ಖಾಲಿಯಾದ ಮೇಲೆ ಲಕ್ಷ್ಮೀಬಾಯಿ ತೊದಲುತ್ತ ಕೇಳಿದರು. "ನಿನಗ... ಯಾರು ಕಲಿಸ್ಯಾರ?"

ಉಡಚವ್ವ ಬಾಗಿಲ ಕಡೆ ಕೈ ತೋರಿಸಿದಳು.

ಮೂವತ್ತು ವರ್ಷ ಸಾಲೆ ನಡೆಸಿದ ಆ ಕಣ್ಣುಗಳು ಸತ್ಯವ್ವನ ಮೇಲೆ ನಿಂತವು. "ಬರ್ರಿ ಅಕ್ಕೋರ," ಎಂದರು ಲಕ್ಷ್ಮೀಬಾಯಿ. "ಕೂಡ್ರಿ. ಛಲೋ... ಕಲಿಸೀರಿ."

ಸಾಲೆಯ ಮೆಟ್ಟಿಲು ಹತ್ತದ ಸತ್ಯವ್ವನನ್ನು ಅಲ್ಲಿಯವರೆಗೆ ಯಾರೂ ಶಿಕ್ಷಕಿಯರನ್ನು ಕರೆಯುವ ಹಾಗೆ ಅಕ್ಕೋರೆಂದು ಕರೆದಿರಲಿಲ್ಲ. ಅವಳು ಹೋಗಿ ಮಂಚದ ಪಕ್ಕದ ಕುರ್ಚಿಯ ಮೇಲೆ ಕುಳಿತಳು, ಬೆನ್ನು ನೆಟ್ಟಗೆ ಮಾಡಿ.

ದೀಪಾವಳಿ ಮುಗಿದ ಮೇಲೆ ಎರಡನೆಯ ತಂಡಕ್ಕೆ ಹನ್ನೊಂದು ಜನ ಬಂದರು. ಸತ್ಯವ್ವ ಹೊಸಬಳೊಬ್ಬಳನ್ನು ಮಂಚದ ಮೇಲೆ ಒರಗಿಸಿ, ಚಮಚವನ್ನು ಅವಳ ಎಡಗೈಗೆ ಕೊಟ್ಟಳು. "ಇದು ನಾ ಹೇಳೂದಲ್ಲ," ಎಂದಳು ಎಲ್ಲರಿಗೂ ಕೇಳುವಂತೆ. "ನನ್ನ ಉಡಚವ್ವ ನನಗ ಕಲಿಸಿದ್ದು."