ಠಾಣೆಯಲ್ಲಿ ಇಳಿಯಬೇಕಾದವನು

ರೈಲು ಠಾಣೆ ಸ್ಟೇಷನ್ ಬಿಟ್ಟಾಗ ಮೋಹನದಾಸ ಕಣ್ಣು ಮುಚ್ಚಿ ಹಾಡುತ್ತಿದ್ದ. ಅವನು ಇಳಿಯಬೇಕಾಗಿದ್ದುದು ಠಾಣೆಯಲ್ಲಿಯೇ. ಹೆಂಡತಿ ಪ್ರಫುಲ್ಲಾ ಹೆಂಗಸರ ಡಬ್ಬಿಯಿಂದ ಇಳಿದಾಗಿತ್ತು. ಅವಳ ಮೊಬೈಲು, ಇಬ್ಬರ ದೋಣಿಯ ಟಿಕೇಟಿದ್ದ ಅವನ ಮೊಬೈಲು, ನೀರುದೋಸೆಯ ಡಬ್ಬ ಎಲ್ಲವೂ ಅವನ ಹೆಗಲ ಚೀಲದಲ್ಲಿ ಭದ್ರವಾಗಿ ಕುಳಿತು ಮುಂದಿನ ನಿಲ್ದಾಣವಾದ ಘಾಟ್ಕೋಪರಿನತ್ತ ಧಾವಿಸುತ್ತಿದ್ದವು.

ಇಷ್ಟು ದೊಡ್ಡ ಅವಿವೇಕ ಒಂದು ಕ್ಷಣದಲ್ಲಿ ಆಗುವಂಥದ್ದಲ್ಲ. ಅದಕ್ಕೆ ಸಿದ್ಧತೆ ಬೇಕು. ಮೋಹನದಾಸ ವರ್ಷಗಳಿಂದ ಸಿದ್ಧತೆ ನಡೆಸಿದ್ದ.

ದಾದರಿನ ಹೋಟೆಲೊಂದರ ಗಲ್ಲಾದಲ್ಲಿ ಕುಳಿತೇ ಅವನ ತಲೆ ನೆರೆತಿತ್ತು. ಡೊಂಬಿವಲಿಯ ಫ್ಲ್ಯಾಟು ಅವನಿಗೆ ಮಲಗುವ ಜಾಗ. ಉಡುಪಿಯಿಂದ ನೆಂಟರು ಬಂದರೆ ಮಾತ್ರ, ಠಾಣೆಯ ಕೆರೆಗಳಿಂದ ಕಲ್ಯಾಣದ ಕೋಟೆಯವರೆಗೆ ಎಲ್ಲವೂ ತನ್ನ ಅಂಗೈ ಮೇಲಿದೆ ಎನ್ನುತ್ತಿದ್ದ. ನಿಜಕ್ಕೂ ಅಂಗೈ ಮೇಲಿದ್ದುದು ರೈಲಿನ ಕಂಬಿ ಹಿಡಿದು ಹಿಡಿದು ಬಂದ ಗಂಟು. ಮದುವೆಯಾದಂದಿನಿಂದ ಹೆಂಡತಿಗೆ ಕೊಟ್ಟ ತಿರುಗಾಟದ ಮಾತು ಒಂದಾದರೂ ಈಡೇರಿರಲಿಲ್ಲ. ಮಾಣಿ ಓಡಿಹೋದ, ಕಾಯಿಲೆ ಬಂತು, ಮಳೆ ಬಂತು. ಕಾರಣಗಳಿಗೆ ಮಾತ್ರ ಬಡತನವಿರಲಿಲ್ಲ.

ಈ ಬಾರಿ ಎರಡು ದಿನದ ರಜೆ ಸಿಕ್ಕಿತ್ತು. ಶನಿವಾರ ಐರೋಲಿಯ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ದೋಣಿ ಹತ್ತಿ ಫ್ಲೆಮಿಂಗೊ ಹಕ್ಕಿಗಳನ್ನು ನೋಡುವುದು. ಭಾನುವಾರ ಠಾಣೆಯ ಯೇಊರ್ ಗುಡ್ಡ. ಪ್ರಫುಲ್ಲಾ ದೋಸೆ ಮಡಚಿ ಡಬ್ಬಕ್ಕೆ ಹಾಕುತ್ತ ಒಂದೇ ಮಾತು ಹೇಳಿದ್ದಳು:

“ಈ ಸಲವೂ ತಪ್ಪಿತು ಅಂತಾದ್ರೆ ಇನ್ನು ನನ್ನನ್ನು ಎಲ್ಲಿಗೂ ಕರೀಬೇಡಿ ಆಯ್ತಾ. ನಾನು ಬರುವುದಿಲ್ಲ.”

ಜಗಳದ ಧ್ವನಿಯಲ್ಲಿ ಹೇಳಿದ್ದರೆ ಅವನಿಗೆ ಹೆದರಿಕೆಯಾಗುತ್ತಿರಲಿಲ್ಲ. ಅವಳು ತೀರ ಮೆಲ್ಲಗೆ ಹೇಳಿದ್ದಳು.

ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಅವನು ಅನುಭವಿಯ ಗತ್ತಿನಿಂದ ಅವಳ ಕೈಯಿಂದ ಮೊಬೈಲು ತೆಗೆದುಕೊಂಡ. “ನೂಕುನುಗ್ಗಲಲ್ಲಿ ಹೊಡೀತಾರೆ ಮಾರಾಯ್ತಿ. ನನ್ನ ಹತ್ರ ಇರ್ಲಿ. ನೀನು ಠಾಣೆಯಲ್ಲಿ ಇಳಿದು ಅಲ್ಲೇ ನಿಲ್ಲು. ಕಳೆದುಹೋಗ್ಬೇಡ.”

ಅವಳನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ಪಕ್ಕದ ಡಬ್ಬಿ ಹತ್ತುವುದೆಂದು ಅವನು ನಿಶ್ಚಯಿಸಿದ್ದ. ಆದರೆ ಕಾಲುಗಳಿಗೆ ಆ ನಿಶ್ಚಯದ ಸುದ್ದಿ ತಲುಪಿರಲಿಲ್ಲ. ಅವು ದಿನದಂತೆ ಅವನನ್ನು ಅದೇ ಡಬ್ಬಿಯ ಅದೇ ಬಾಗಿಲಿಗೆ ಒಯ್ದು, ನಿತ್ಯದ ಭಜನಾ ಮಂಡಳಿಯ ನಡುವೆ ನಿಲ್ಲಿಸಿದವು.

“ಬರ್ರಿ ಬರ್ರಿ ಮೋಹನಣ್ಣಾ!” ಎಂದು ವಿಜಯಪುರದ ಸಂಗಮೇಶ ಕೂಗಿದ. ಅವನು ಕಲ್ಯಾಣದಲ್ಲಿ ಹತ್ತಿ ಕರವಸ್ತ್ರ ಹಾಸಿ ಕಿಟಕಿಯ ಸೀಟು ಹಿಡಿದಿಡುವವ. “ಇವತ್ತೇನ್ರಿ, ಇಸ್ತ್ರಿ ಅಂಗಿ, ಹೊಸಾ ಬೂಟು? ಹೆಣ್ಣು ನೋಡಾಕ ಹೊಂಟೀರೇನು?”

ಡಬ್ಬಿ ಗೊಳ್ಳೆಂದು ನಕ್ಕಿತು. ಈ ವಯಸ್ಸಿನಲ್ಲಿ ಹೆಂಡತಿಯೊಡನೆ ಹಕ್ಕಿ ನೋಡಲು ಹೊರಟಿದ್ದೇನೆ ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ, ಅವರೇ ಅವನನ್ನು ಹೊತ್ತು ಠಾಣೆಯಲ್ಲಿ ಇಳಿಸುತ್ತಿದ್ದರು. ಜೀವನವಿಡೀ ಚುಡಾಯಿಸುತ್ತಲೂ ಇದ್ದರು. ಮೋಹನದಾಸ, “ಇಲ್ಲಪ್ಪ, ದಾದರಿಗೇ,” ಎಂದುಬಿಟ್ಟ.

ತಾಳ ಕೈಗೆ ಬಂತು. ಠಾಣೆಯಲ್ಲಿ ಇಳಿಯುವವನು ಮುಂಬ್ರಾದ ಗುಡ್ಡ ಕಾಣುತ್ತಲೇ ಬಾಗಿಲ ಕಡೆಗೆ ಸರಿಯಬೇಕು. ಅದು ಅವನಿಗೆ ತಿಳಿಯದ್ದಲ್ಲ. ಆದರೆ ಆಗಲೇ ಅಭಂಗದ ಮೇಲಿನ ಸ್ವರ ಸಮೀಪಿಸಿತ್ತು. ಅದನ್ನು ಮುಟ್ಟುವ ಕಂಠ ಇಡೀ ಮಂಡಳಿಯಲ್ಲಿ ತನ್ನದೊಂದೇ ಎಂಬುದು ಅವನ ಗುಟ್ಟಿನ ಹೆಮ್ಮೆ. ಮುಟ್ಟುವಾಗ ಕಣ್ಣು ಮುಚ್ಚುವುದು ಅಭ್ಯಾಸ. ಮುಚ್ಚಿದ. ಮುಟ್ಟಿದ. ಎಳೆದ. ಚಪ್ಪಾಳೆಗೆ ಕಣ್ಣು ತೆರೆದಾಗ ಕಿಟಕಿಯಾಚೆ ಪ್ಲಾಟ್‌ಫಾರ್ಮು ಹಿಂದಕ್ಕೆ ಓಡುತ್ತಿತ್ತು.

“ಅಯ್ಯೋ, ಠಾಣೆ! ಠಾಣೆ!”

“ಠಾಣೆದಾಗ ನಿಮಗೇನ್ ಕೆಲಸರಿ?” ಎಂದ ಸಂಗಮೇಶ.

“ನನ್ನ ಹೆಂಡತಿ ಉಂಟಲ್ಲ ಮಾರಾಯ ಅಲ್ಲಿ!”

ಕ್ಷಣಕಾಲ ಯಾರೂ ನಗಲಿಲ್ಲ. ಆಮೇಲೆ ನಕ್ಕದ್ದು ಘಾಟ್ಕೋಪರಿನವರೆಗೂ ಮುಗಿಯಲಿಲ್ಲ.

ಘಾಟ್ಕೋಪರಿನ ಮೇಲ್ಸೇತುವೆಯನ್ನು ಹತ್ತಿ ಇಳಿಯುವಾಗ ಹೊಸ ಬೂಟು ಹಿಮ್ಮಡಿ ಕಚ್ಚಿತು. ಮನಸ್ಸಿನಲ್ಲಿ ಒಂದೇ ಚಿತ್ರ: ಗುಂಪಿನ ನಡುವೆ ಕಣ್ಣೀರಿಡುತ್ತ ನಿಂತ ಪ್ರಫುಲ್ಲಾ. ಪಾಪದವಳು, ಒಬ್ಬಳೇ ಮಾರ್ಕೆಟ್ಟಿನಾಚೆ ಹೋದವಳಲ್ಲ. ದೋಣಿಯಾದರೋ ಉಬ್ಬರದ ನೀರಿರುವಷ್ಟು ಹೊತ್ತು ಮಾತ್ರ ಹೊರಡುತ್ತದೆ; ನೀರಿಳಿದರೆ ಖಾಡಿಯೆಲ್ಲ ಕೆಸರು.

ಎದುರಿನ ರೈಲು ಹಿಡಿದು ಮರಳಿದಾಗ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಅವಳಿರಲಿಲ್ಲ. ಅವನು ವಿಚಾರಣೆಯ ಕಿಟಕಿಗೆ ಓಡಿದ. ಒಳಗಿದ್ದವನು ಮೈಕನ್ನು ಹತ್ತಿರಕ್ಕೆಳೆದು ಹಿಂದಿಯಲ್ಲಿ, ಸೀರೆಯೋ ಚೂಡಿದಾರೋ, ಬಣ್ಣ ಯಾವುದು, ಎಂದು ಕೇಳಿದ. ಮೋಹನದಾಸ ಬಾಯಿ ತೆರೆದ. ಬೆಳಗ್ಗೆ ಅವಳು ಎದುರು ನಿಂತು “ಹೇಗುಂಟು?” ಎಂದು ಕೇಳಿದ್ದಳು. ಅವನು ಬೂಟಿನ ದಾರ ಕಟ್ಟುತ್ತಲೇ “ಒಳ್ಳೇದುಂಟು” ಎಂದಿದ್ದ. ಏನು ಒಳ್ಳೆಯದಿತ್ತೆಂದು ಈಗ ಹೇಳಲಾಗಲಿಲ್ಲ. ಹಿಂದೆ ನಿಂತವರು ಅವನನ್ನು ಪಕ್ಕಕ್ಕೆ ಸರಿಸಿದರು.

ಉಳಿದದ್ದು ಒಂದೇ ದಾರಿ. ಐರೋಲಿಯ ರೈಲು ಹತ್ತಿದ. ಸ್ಟೇಷನ್ನಿನಿಂದ ಆಟೋ ಹಿಡಿದ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಅಂಚಿನ ದೋಣಿಕಟ್ಟೆ ತಲುಪಿದಾಗ ಕಟ್ಟೆ ಖಾಲಿ, ದೋಣಿ ಹೊರಟುಹೋಗಿತ್ತು. ಟಿಕೇಟು ನೋಡುವ ಹುಡುಗಿಗೆ ಮೊಬೈಲಿನ ಪರದೆಯನ್ನು ತೋರಿಸಿದ.

“ಶೆಟ್ಟಿ? ಕಾಕೂ ಗೇಲ್ಯಾ ನಾ,” ಎಂದಳು ಅವಳು ಟಿಕೇಟಿನ ಹೆಸರು ಓದಿ, ಮರಾಠಿಯಲ್ಲಿ, ದೋಣಿ ಹೋದ ದಿಕ್ಕಿಗೆ ಕೈ ತೋರಿಸಿ.

ಕಾಕೂ, ಅಂದರೆ ಚಿಕ್ಕಮ್ಮ, ಹೋದರೇ? ಪ್ರಫುಲ್ಲಾ? ಮೋಹನದಾಸ ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಬೂಟು ಕಳಚಿದ. ಮೊದಲು ಸಮಾಧಾನವಾಯಿತು. ಅದರ ಬೆನ್ನಿಗೇ ಅವಮಾನ ಬಂತು: ಕಳೆದುಹೋದವನು ಯಾರೆಂಬುದು ಈಗ ಸ್ಪಷ್ಟವಾಗಿತ್ತು.

ಬಿಸಿಲು ಏರಿದ ಮೇಲೆ ದೋಣಿ ಮರಳಿತು. ಕಿತ್ತಳೆ ಬಣ್ಣದ ಲೈಫ್ ಜಾಕೀಟು ತೊಟ್ಟ ಪ್ರಫುಲ್ಲಾ ಯಾರ ಕೈಯನ್ನೂ ಹಿಡಿಯದೆ ದಡಕ್ಕೆ ದಾಟಿದಳು. ಸೀರೆ ಹಸಿರು. ಅವನು ಅದನ್ನು ಸರಿಯಾಗಿ ನೋಡಿಕೊಂಡ.

“ಬಂದ್ರಾ? ಎಲ್ಲಿಯವರೆಗೆ ಹೋದ್ರಿ?”

“ಘಾಟ್ಕೋಪರು.”

“ಹಾಡಿದ್ರಾ?”

ಮೋಹನದಾಸ ಬೂಟುಗಳನ್ನು ಬೆಂಚಿನಡಿಗೆ ತಳ್ಳಿದ.

“ನನ್ನ ಡಬ್ಬಿಗೇ ಕೇಳ್ತಿತ್ತಲ್ಲ ಮಾರ್ರೆ. ಠಾಣೆಯಲ್ಲಿ ಗಾಡಿ ನಿಂತಾಗಲೂ ನೀವು ನಿಲ್ಲಿಸಿರಲಿಲ್ಲ.”

“ನೀನು… ಹೇಗೆ ಬಂದೆ?”

“ಕೇಳಿಕೊಂಡು ಬಂದೆ. ಬಾಯಿ ಉಂಟಲ್ಲ. ಹಣ ಸೆರಗಿನಲ್ಲಿತ್ತು. ಟಿಕೇಟಿಗೆ ನಿಮ್ಮ ನಂಬರ್ ಹೇಳಿದೆ; ಅದು ನನಗೆ ಬಾಯಿಪಾಠ.” ಸ್ವಲ್ಪ ಹೊತ್ತು ಅವನ ಬರಿಗಾಲನ್ನು ನೋಡಿದಳು. “ಕಾದಿದ್ದೆ. ಎರಡು ಗಾಡಿ ಬಿಟ್ಟೆ. ಮತ್ತೆ ಅಂದುಕೊಂಡೆ, ಉಬ್ಬರ ಯಾರಿಗೂ ಕಾಯುವುದಿಲ್ಲ, ಕಾಯುವುದು ನಾನೊಬ್ಬಳೇ ಅಂತ.”

ಅವನು ತಲೆ ತಗ್ಗಿಸಿದ. “ಹಕ್ಕಿ ಕಂಡಿತಾ?”

ಪ್ರಫುಲ್ಲಾಳ ಮುಖ ಬದಲಾಯಿತು. “ಎಂತ ಹೇಳುವುದು! ನೀರಿನ ಮೇಲೆ ಯಾರೋ ಗುಲಾಬಿ ಬಟ್ಟೆ ಒಣಗಲು ಹಾಕಿದ ಹಾಗೆ. ಒಂದು ಎದ್ದದ್ದೇ ಎಲ್ಲವೂ ಎದ್ದವು. ರೆಕ್ಕೆಯ ಅಡಿ ಕೆಂಪು, ತುದಿ ಕಪ್ಪು. ಪಕ್ಕದ ಸೀಟು ಖಾಲಿ ಇತ್ತು. ತೋರಿಸುವ ಅಂತ ಎರಡು ಸಲ ತಿರುಗಿದೆ.”

ಅಷ್ಟು ಹೊತ್ತು ಏನೆಲ್ಲ ಬೈಗುಳಗಳಿಗೆ ಅವನು ಬೆನ್ನು ಒಡ್ಡಿ ಕುಳಿತಿದ್ದನೋ ಅವೆಲ್ಲಕ್ಕಿಂತ ಆ ಮಾತು ಆಳಕ್ಕೆ ತಾಗಿತು.

“ಹಾಗಾದ್ರೆ ನಾಳೆ…” ಅವನು ತಡವರಿಸಿದ. “ನಾಳೆ ನೀನು ಬರುವುದಿಲ್ಲ.”

ಅವಳು ಅವನ ಚೀಲದಿಂದ ತನ್ನ ಮೊಬೈಲನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನೀವು ಕರೆದರೆ ಬರುವುದಿಲ್ಲ ಅಂತಲೇ ಹೇಳಿದ್ದು. ಅದು ಹಾಗೇ. ನಾಳೆ ನಾನು ಯೇಊರಿಗೆ ಹೋಗ್ತೇನೆ. ನೀವು ಬರ್ತೀರಾ?”

ಯೇಊರಿನ ಬಸ್ಸು ಎಲ್ಲಿ ಸಿಗುತ್ತದೆಂದು ತಾನು ಬಲ್ಲೆ ಎನ್ನಲು ಅವನ ನಾಲಿಗೆ ಅಭ್ಯಾಸಬಲದಿಂದ ಏಳುವುದರಲ್ಲಿತ್ತು. ಅದನ್ನು ಹಲ್ಲುಗಳ ಹಿಂದೆಯೇ ತಡೆದು, “ಬರ್ತೇನೆ,” ಎಂದ. ಎರಡೂ ಬೂಟುಗಳನ್ನು ಕೈಯಲ್ಲಿ ಹಿಡಿದು, ಆಟೋ ಹುಡುಕಲು ಮುಂದೆ ನಡೆದ ಹಸಿರು ಸೀರೆಯನ್ನು ಹಿಂಬಾಲಿಸಿದ.