ಬೆನ್ನ ಮೇಲಿನ ಹೆಸರು

ಒಬ್ಬಳನ್ನು ಒಪ್ಪಿಸಿ ಕರೆದುಕೊಂಡು ಬರುವುದು ಶರಾವತಿಗೆ ಒಂದು ಕೆಲಸವೇ ಅಲ್ಲ. ಆಲ್ಕೊಳದ ಮನೆಯಿಂದ ಸ್ಕೂಟರ್ ತೆಗೆಯುವಾಗಲೇ ಆಡಬೇಕಾದ ಮಾತು ಸಿದ್ಧವಾಗಿತ್ತು. ಲಾಕ್‌ಡೌನಿನ ಖಾಲಿ ರಸ್ತೆ. ಪೊಲೀಸರು ತಡೆದಲ್ಲೆಲ್ಲ ಆಸ್ಪತ್ರೆಯ ಕಾರ್ಡು ತೋರಿಸಿ ಭದ್ರಾವತಿಯ ಕಡೆಗೆ ಹೊರಟಳು.

ಅವಳ ವಾರ್ಡಿನ ಕಿರಿಯ ನರ್ಸ್ ಫಲಕ್ ವಾರದಿಂದ ಡ್ಯೂಟಿಗೆ ಬಂದಿರಲಿಲ್ಲ. ಫೋನೂ ಎತ್ತುತ್ತಿರಲಿಲ್ಲ. "ನೀನು ಹೋದ್ರೆ ಬರ್ತಾಳೆ. ನಿನ್ನ ಮಾತಿಗೆ ಹೆಣಾನೂ ಎದ್ದು ಕೂರುತ್ತೆ," ಎಂದಿದ್ದರು ಮೇಟ್ರನ್. ಕೋವಿಡ್ ವಾರ್ಡಿನಲ್ಲಿ ಆ ಹೊಗಳಿಕೆಗೆ ಶರಾವತಿ ಒಬ್ಬಳೇ ನಕ್ಕಿದ್ದಳು.

ಎರಡನೇ ಅಲೆಯಲ್ಲಿ ಅಳದೆ ಉಳಿದವಳೂ ಅವಳೊಬ್ಬಳೇ. ನಿದ್ದೆ ಹೇಗೆ ಬರುತ್ತಿದೆ ಎಂದು ಕೇಳಿದ ಕೌನ್ಸೆಲರಿಗೆ "ಚೆನ್ನಾಗಿ. ನಿಮಗೆ?" ಎಂದು ತಿರುಗಿ ಕೇಳಿದ್ದಳು. ಊಟದ ರುಚಿ ಯಾವಾಗ ಹೋಯಿತೆಂದು ಮಾತ್ರ ಗೊತ್ತಿರಲಿಲ್ಲ. ಟೆಸ್ಟ್ ಮಾಡಿಸಿದರೆ ನೆಗೆಟಿವ್ ಬಂದಿತ್ತು.

ಭದ್ರಾವತಿಯ ಮನೆಯ ಬಾಗಿಲಲ್ಲಿ ಫಲಕಳ ತಾಯಿ ಅಖ್ತರ್ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು. "ನಿಮ್ಮ ಮಾತಾದ್ರೂ ಕೇಳ್ತಾಳೇನೋ ನೋಡಿ ಸಿಸ್ಟರ್."

ಫಲಕ್ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

"ಹುಷಾರಾಗಿದೀಯಾ?"

"ಹೂಂ."

"ಹಾಗಾದ್ರೆ ಮಧ್ಯಾಹ್ನದ ಶಿಫ್ಟಿಗೆ ಬಾ."

"ನನ್ನ ತಲೆ ಸರಿ ಇಲ್ಲ ಅಕ್ಕ."

"ಯಾರದು ಸರಿ ಇದೆ ಹೇಳು ಮಾರಾಯ್ತಿ."

ಫಲಕ್ ನಗಲಿಲ್ಲ. "ಕಿಟಕಿ ಹತ್ರ ಹುಲಿಯಪ್ಪ ಅಂತ ಇದ್ರಲ್ಲ, ಹೊಳೆಹೊನ್ನೂರಿನವರು. ನಾಳೆ ಬರ್ತೀನಿ, ವಿಡಿಯೋದಲ್ಲಿ ಮಗನ ಹತ್ರ ಮಾತಾಡಿಸ್ತೀನಿ ಅಂತ ನಾನು ಅವರಿಗೆ ಹೇಳಿದ್ನಂತೆ. ಮಾರನೇ ದಿನ ಬೇರೆ ಸಿಸ್ಟರ್ ಫೋನ್ ಹಿಡಿದ್ರೆ ಬೇಡ ಅಂದ್ರಂತೆ. ಫಲಕ್ ಸಿಸ್ಟರ್ ಬರ್ತಾರೆ ಅಂತ ಬಾಗಿಲೇ ನೋಡ್ತಿದ್ರಂತೆ. ನಾನು ಹೋಗೋದ್ರೊಳಗೆ ಹೋಗ್ಬಿಟ್ಟಿದ್ರು."

ಅಖ್ತರ್ ಬೀ ಕೊಟ್ಟಿದ್ದ ಟೀ ಲೋಟವನ್ನು ಶರಾವತಿ ಕೆಳಗಿಟ್ಟಳು.

"ಅವರ ಮಗ ಬೈಲಿಲ್ಲ. ಯಾಕೆ ಬರ್ಲಿಲ್ಲ ಸಿಸ್ಟರ್ ಅಂತ ಕೇಳಿದ, ಅಷ್ಟೇ. ನಂಗೆ ಹಾಗೆ ಹೇಳಿದ ನೆನಪೇ ಇಲ್ಲ ಅಕ್ಕ. ಇವತ್ತು ಕೊಟ್ಟ ಮಾತು ಮರೀತೀನಿ, ನಾಳೆ ಕೊಡೋ ಔಷಧಿ ಮರೀತೀನಿ. ಹೇಗೆ ಬರ್ಲಿ?"

ಗೌನು, ಮಾಸ್ಕು, ಕನ್ನಡಕ ಹಾಕಿಕೊಂಡರೆ ಎಲ್ಲ ನರ್ಸುಗಳೂ ಒಂದೇ. ಗುರುತಿಗಾಗಿ ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆಯುವುದು ವಾರ್ಡಿನ ರೂಢಿ. ಹುಲಿಯಪ್ಪನವರಿಗೆ ಆ ಮಾತು ಕೊಟ್ಟ ದಿನ ಫಲಕ್ ತಲೆಸುತ್ತಿ ಕೂತುಬಿಟ್ಟಿದ್ದಳು. ಗೌನುಗಳಿಗೆ ಬರವಿದ್ದ ಕಾಲ. ಅವಳ ಹೆಸರು ಬರೆದಿದ್ದ ಗೌನನ್ನು ದಂಡ ಮಾಡುವುದೇಕೆಂದು ಶರಾವತಿಯೇ ತೊಟ್ಟಿದ್ದಳು. ಫಲಕ್ ಸುಧಾರಿಸಿಕೊಂಡು ಬೇರೆ ಗೌನಿನಲ್ಲಿ ಒಳಗೆ ಬಂದದ್ದು ಆಮೇಲೆ.

ನಾಳೆ ಬರ್ತೀನಿ, ಮಗನ ಹತ್ರ ಮಾತಾಡಿಸ್ತೀನಿ. ಆ ಮಾತು ಶರಾವತಿಯದು. ಎಲ್ಲರಿಗೂ ಹೇಳುತ್ತಿದ್ದಳು, ಚೆನ್ನಾಗಿ ಹೇಳುತ್ತಿದ್ದಳು. ಮರುದಿನ ತನಗೆ ರಜೆಯೆಂದು ಗೊತ್ತಿದ್ದೂ ಹೇಳಿದ್ದಳು. ಮುದುಕನ ಮುಖ ನೆನಪಿಸಿಕೊಳ್ಳಲು ನೋಡಿದಳು. ಗೌನಿನ ಬೆವರು ನೆನಪಾಯಿತು, ಮುಖ ನೆನಪಾಗಲಿಲ್ಲ.

ಅವಳಿಗೆ ಭಯವಾಯಿತು. ಅದು ನಾನು ಕಣೇ ಎಂದರೆ ಸಾಕು, ಈ ಹುಡುಗಿ ಉಳಿಯುತ್ತಾಳೆ. ಗಟ್ಟಿಗಿತ್ತಿ ಶರಾವತಿ ಉಳಿಯುವುದಿಲ್ಲ. ಆ ಗಟ್ಟಿಗಿತ್ತಿಯೂ ಹೋದರೆ ತನ್ನೊಳಗೆ ಇನ್ನೇನಿದೆ ಎಂದು ಯಾವತ್ತೂ ನೋಡಿಕೊಂಡಿರಲಿಲ್ಲ.

"ಅಕ್ಕ, ನಾನು ಅವರಿಗೆ ಹಾಗೆ ಹೇಳಿದ್ದು ಆ ದಿನ ನೀವು ಕೇಳಿಸಿಕೊಂಡಿದ್ರಾ?"

"ಸುಸ್ತಲ್ವಾ. ಯಾರಿಗಾದ್ರೂ ಮರೆತು ಹೋಗುತ್ತೆ," ಎಂದಳು ಶರಾವತಿ. ವಾರ್ಡಿನಲ್ಲಿ ಆಡುವ ಅದೇ ದನಿ, ಎಲ್ಲೂ ನಡುಗಲಿಲ್ಲ. "ಏನೂ ಆಗಲ್ಲ. ನಾನಿದ್ದೀನಲ್ಲ."

ಫಲಕ್ ಮೊಣಕಾಲಿಗೆ ಮುಖ ಒತ್ತಿ ತುಂಬ ಹೊತ್ತು ಅತ್ತಳು. ಆಮೇಲೆ ಎದ್ದು ಮುಖ ತೊಳೆದುಕೊಂಡಳು. ಅಖ್ತರ್ ಬೀ ದೂರದಿಂದಲೇ ಕೈ ಮುಗಿದರು. ಇಬ್ಬರೂ ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೊರಟರು.

ಗೌನು ತೊಡುವ ಕೋಣೆಯಲ್ಲಿ ಫಲಕ್ ಮಾರ್ಕರ್ ಕೈಗೆತ್ತಿಕೊಂಡಳು. ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು.

"ಆ ದಿನ ನನ್ನ ಗೌನ್ ಏನಾಯ್ತು ಅಕ್ಕ?"

"ಯಾವ ದಿನ?"

ಫಲಕ್ ಮಾರ್ಕರಿನ ಮುಚ್ಚಳ ತೆಗೆದಳು. "ತಿರುಗಿ," ಎಂದಳು.

ಶರಾವತಿ ತಿರುಗಿದಳು. ಮಾರ್ಕರಿನ ತುದಿ ಬೆನ್ನ ಮೇಲೆ ಮೆಲ್ಲಗೆ ಓಡಿತು, ನಿಂತಿತು.

"ಏನು ಬರೆದೆ?"

"ಹೆಸರು."

ವಾರ್ಡು ಎಂದಿನಂತೆ ತುಂಬಿತ್ತು. ಕಿಟಕಿಯ ಪಕ್ಕದ ಹಾಸಿಗೆಗೆ ಹೊಸಬಳೊಬ್ಬಳು ಬಂದಿದ್ದಳು, ವಯಸ್ಸಾದವಳು. ಶರಾವತಿ ಅವಳ ಆಕ್ಸಿಜನ್ ಸರಿಮಾಡಿ ಮುಂದಿನ ಹಾಸಿಗೆಗೆ ಹೊರಟಳು. ಹೋಗುತ್ತ ಕಿಟಕಿಯ ಗಾಜಿನಲ್ಲಿ ಬೆನ್ನು ನೋಡಿಕೊಳ್ಳಲು ಕತ್ತು ತಿರುಗಿಸಿದಳು. ಬಿಳಿ ಗೌನೊಂದು ಕಂಡಿತು. ಅಕ್ಷರ ಕಾಣಲಿಲ್ಲ.

"ಸಿಸ್ಟರ್," ಹಿಂದಿನಿಂದ ಮುದುಕಿ ಕೇಳಿದಳು. "ಬೆನ್ನ ಮೇಲೆ ಬರ್ದಿರೋದು ನಿಮ್ಮ ಹೆಸ್ರಾ?"

"ಹೌದು," ಎಂದಳು ಶರಾವತಿ, ಯಾವ ಹೆಸರೆಂದು ಕೇಳದೆ. "ನಾಳೆನೂ ಬರ್ತೀನಿ."